ನಳಿಗೆ ಎಷ್ಟು ಉದ್ದ ಇರಬೇಕು?

ಮಲೆನಾಡಿನಲ್ಲೋ ಕೊಡಗಿನಲ್ಲೋ ಹಳೆಯ ಮನೆಯ ಜಗಲಿಯಲ್ಲಿ ಕುಳಿತು ಹಿರಿಯರ ಬೇಟೆಯ ಮಾತು ಕೇಳಿದ್ದೀರಾದರೆ, ಒಂದು ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: “ನಳಿಗೆ ಉದ್ದವಿದ್ದಷ್ಟೂ ಈಡು ದೂರ.” ನನ್ನ ಸೋದರಮಾವನ ಮನೆಯ ಗೋಡೆಗೆ ಎರಡು ಕೋವಿಗಳನ್ನು ತೂಗುಹಾಕಿದ್ದರು. ಒಂದು ಕೇಪಿನ ಕೋವಿ, ನೆಲಕ್ಕೆ ಊರಿ ನಿಲ್ಲಿಸಿದರೆ ಮಾವನ ಗಲ್ಲದವರೆಗೆ ಬರುತ್ತಿತ್ತು. ಇನ್ನೊಂದು ತೋಟಾ ಕೋವಿ, ಅದಕ್ಕಿಂತ ಒಂದು ಗೇಣು ಗಿಡ್ಡ. ಗಿಡ್ಡದ್ದೇ ಹೆಚ್ಚು ಬಲವಾದದ್ದು ಎಂದು ಮಾವ ಹೇಳಿದಾಗ ಹುಡುಗನಾಗಿದ್ದ ನನಗೆ ನಂಬಿಕೆಯೇ ಬರಲಿಲ್ಲ. ಉದ್ದವಿದ್ದಷ್ಟೂ ದೂರ ಎಂದವರೂ ಅವರೇ ತಾನೇ? ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾದಾವು?

ಎರಡೂ ನಿಜವೇ. ಆದರೆ ಎರಡೂ ಒಂದೇ ಕಾಲದ ಮಾತುಗಳಲ್ಲ. ಬೇಟೆಯ ಕೋವಿಯ ನಳಿಗೆ ಎಷ್ಟು ಉದ್ದ ಇರಬೇಕು ಎಂಬ ಪ್ರಶ್ನೆಗೆ ಕಳೆದ ಮುನ್ನೂರು ವರ್ಷಗಳಲ್ಲಿ ಸಿಕ್ಕ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಒಂದು ಕಾಲದಲ್ಲಿ ಮದ್ದು ಉತ್ತರ ಹೇಳಿತು, ಇನ್ನೊಂದು ಕಾಲದಲ್ಲಿ ಕಾಡು ಹೇಳಿತು, ಮತ್ತೊಂದು ಕಾಲದಲ್ಲಿ ಕಣ್ಣು ಹೇಳಿತು ಎಂಬುದು ತಿಳಿಯುತ್ತದೆ. ನಡುನಡುವೆ, ಕಾರಣ ಸತ್ತ ಮೇಲೂ ಬದುಕಿ ಉಳಿದ ಅಭ್ಯಾಸವೂ ಉತ್ತರ ಹೇಳಿದ್ದುಂಟು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಶಿಕಾರಿಯ ಕಾಲ ಮುಗಿಯಿತು. ಹಾಗಾದರೆ ಈ ಲೆಕ್ಕ ನಮಗೇಕೆ ಎಂದು ನೀವು ಕೇಳಬಹುದು. ಅದಕ್ಕೆ ಒಂದು ಹೆಣ್ಣುಹುಲಿಯ ಕಥೆ ಹೇಳುತ್ತೇನೆ. ನೇಪಾಳದಲ್ಲೂ ಕುಮಾವೂನಿನಲ್ಲೂ ಸೇರಿ 436 ಜನರನ್ನು ಕೊಂದಿತೆನ್ನಲಾದ ಚಂಪಾವತದ ಹುಲಿಯನ್ನು ಜಿಮ್ ಕಾರ್ಬೆಟ್ 1907ರಲ್ಲಿ ಹೊಡೆದರು. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳೆರಡೂ ಮುರಿದಿದ್ದವು. ಕೆಳಗಿನದು ದವಡೆಯ ಮೂಳೆಯವರೆಗೂ ಹೋಗಿತ್ತು. ಇದು ಹಳೆಯ ಗುಂಡೇಟಿನ ಫಲ, ಇದರಿಂದಲೇ ಅದು ತನ್ನ ಸಹಜ ಬೇಟೆ ಬಿಟ್ಟು ಮನುಷ್ಯರ ಮೇಲೆ ಬಿದ್ದಿತು ಎಂಬುದು ಕಾರ್ಬೆಟ್ಟರ ತೀರ್ಮಾನ. ಎಲ್ಲೋ ಯಾರೋ ಹಾರಿಸಿದ ಒಂದು ಗುಂಡು ಹೋಗಬೇಕಾದಲ್ಲಿಗೆ ಹೋಗದೆ ಕೆಲವು ಅಂಗುಲ ಅತ್ತ ಸರಿದಿತ್ತು. ಆ ತಪ್ಪಿಗೆ ಕೋವಿ ಕಾರಣವೋ ಕೈ ಕಾರಣವೋ ಇಂದು ಹೇಳಲಾಗದು. ಆದರೆ ಗುಂಡು ಎಲ್ಲಿಗೆ ಹೋಗುತ್ತದೆ, ಎಷ್ಟು ಬಲದಿಂದ ಹೋಗುತ್ತದೆ ಎಂಬ ವಿಚಾರ ಬೇಟೆಗಾರನ ಖಯಾಲಿಯಷ್ಟೇ ಆಗಿರಲಿಲ್ಲ ಎಂಬುದಕ್ಕೆ ಆ ಮುರಿದ ಹಲ್ಲುಗಳೇ ಸಾಕ್ಷಿ.

ಮೊದಲು ಮದ್ದಿನ ಮಾತು. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿಸಿ ಅರೆದ ಕರಿಮದ್ದೇ ನೂರಾರು ವರ್ಷ ಎಲ್ಲ ಕೋವಿಗಳ ಆಹಾರವಾಗಿತ್ತು. ಅದು ಉರಿದಾಗ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗುತ್ತದೆ. ಮಿಕ್ಕದ್ದು ಹೊಗೆ ಮತ್ತು ಮಸಿ. ಗುಂಡನ್ನು ತಳ್ಳುವುದು ಅನಿಲ ಮಾತ್ರ. ಹೆಚ್ಚು ವೇಗ ಬೇಕೆಂದರೆ ಹೆಚ್ಚು ಮದ್ದು ತುಂಬಬೇಕು. ಅಷ್ಟು ಮದ್ದು ಉರಿದು ಮುಗಿಯುವವರೆಗೆ ಗುಂಡು ನಳಿಗೆಯೊಳಗೇ ಇರಬೇಕು, ಇಲ್ಲವಾದರೆ ಮಿಕ್ಕ ಮದ್ದು ಬಾಯಿಯಿಂದ ಹೊರಗೆ ಸುರಿದು ಬರಿಯ ಬೆಳಕಾಗಿ ಹೋಗುತ್ತದೆ. ಉದ್ದವಾದ ನಳಿಗೆಯೆಂದರೆ ಗುಂಡಿಗೆ ಹೆಚ್ಚು ಹೊತ್ತು ತಳ್ಳಿಸಿಕೊಳ್ಳುವ ಅವಕಾಶ. ನಮ್ಮ ದೇಶದ ಹಳೆಯ ಬತ್ತಿಕೋವಿಗಳಲ್ಲಿ ನಾಲ್ಕು ಅಡಿಯ ನಳಿಗೆಗಳು ಕಾಣುವುದಕ್ಕೆ ಇದೊಂದು ಕಾರಣ. ಆ ಕಾಲದಲ್ಲಿ “ಉದ್ದವಿದ್ದಷ್ಟೂ ದೂರ” ಎಂದದ್ದು ಅನುಭವದ ಮಾತು.

ಸೈನ್ಯದ ಬಂದೂಕಿಗೆ ಇದಲ್ಲದೆ ಬೇರೆ ಕಾರಣಗಳೂ ಇದ್ದವು. ಸಿಪಾಯಿಗಳು ಎರಡು ಮೂರು ಸಾಲಾಗಿ ನಿಂತು ಗುಂಡು ಹಾರಿಸುತ್ತಿದ್ದರು. ಹಿಂದಿನ ಸಾಲಿನವನ ನಳಿಗೆ ಮುಂದಿನವನ ಕಿವಿಯನ್ನು ದಾಟಿ ಹೊರಗೆ ಚಾಚದಿದ್ದರೆ ಮುಂದಿನವನ ಮುಖವೇ ಸುಟ್ಟೀತು. ಮೇಲಾಗಿ ತುದಿಗೆ ಬಯೊನೆಟ್ ಸಿಕ್ಕಿಸಿದರೆ ಅದೇ ಈಟಿ, ಅದೂ ಉದ್ದವಿರಬೇಕು. ‘ಬ್ರೌನ್ ಬೆಸ್’ ಎಂದು ಹೆಸರಾದ ಇಂಗ್ಲಿಷರ ಬಂದೂಕಿನ ನಳಿಗೆ ಮೊದಲು 46 ಅಂಗುಲ ಇದ್ದು, ಆಮೇಲೆ 42ಕ್ಕೆ ಇಳಿಯಿತು. ಅದನ್ನು ಇನ್ನೂ ಮೂರು ಅಂಗುಲ ಕತ್ತರಿಸಿ 39ಕ್ಕೆ ತಂದದ್ದು ಈಸ್ಟ್ ಇಂಡಿಯಾ ಕಂಪನಿ. ಕಂಪನಿಯದು ವ್ಯಾಪಾರಿ ಬುದ್ಧಿ. ಹಗುರವೂ ಅಗ್ಗವೂ ಆದ ಬಂದೂಕು ಅದಕ್ಕೆ ಬೇಕಿತ್ತು. 1790ರ ದಶಕದಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿದಾಗ ಬ್ರಿಟಿಷ್ ಸರ್ಕಾರ ಬಂದೂಕು ಸಾಲದೆ ಕಂಪನಿಯ ದಾಸ್ತಾನನ್ನೇ ಕೊಂಡಿತು. 1797ರ ಹೊತ್ತಿಗೆ ಅದನ್ನೇ ತನ್ನ ಮಾದರಿಯಾಗಿ ಒಪ್ಪಿತು. ‘ಇಂಡಿಯಾ ಮಾದರಿ’ ಎಂಬ ಹೆಸರು ಅದಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. ಮೂರು ಅಂಗುಲ ಹೋದದ್ದರಿಂದ ಸೈನ್ಯಕ್ಕೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ಇವೆಲ್ಲ ಒಳಮೈ ನುಣುಪಾದ ಬಂದೂಕುಗಳು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ಹೊರಡುತ್ತದೆ, ದಿಕ್ಕು ತಪ್ಪುವುದಿಲ್ಲ. ಅದೇ ರೈಫಲ್. ಬೇಟೆಯ ರೈಫಲ್ಲಿನ ನಳಿಗೆ ಊರಿನಿಂದ ಊರಿಗೆ ಹೇಗೆ ಬೆಳೆಯಿತು, ಹೇಗೆ ಕುಗ್ಗಿತು ಎಂಬುದಕ್ಕೆ ಅಮೆರಿಕದ ಕಥೆಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಜರ್ಮನ್ ಕಾಡುಗಳ ಬೇಟೆಗಾರರು ಬಳಸುತ್ತಿದ್ದ ಯೇಗರ್ ರೈಫಲ್ ಗಿಡ್ಡ, ದಪ್ಪ. ನಳಿಗೆ ಸುಮಾರು 30 ಅಂಗುಲ, ಗುಂಡು ದೊಡ್ಡದು. ದಟ್ಟವಾದ ಕಾಡು, ಹತ್ತಿರದ ಹಂದಿ, ಕಡವೆ ಜಾತಿಯ ಮಿಗ. ಅಲ್ಲಿಗೆ ಅದು ಸರಿ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಜರ್ಮನ್ ಕಮ್ಮಾರರು ವಲಸೆ ಹೋಗಿ ಪೆನ್ಸಿಲ್ವೇನಿಯಾದ ಲ್ಯಾಂಕ್ಯಾಸ್ಟರ್ ಸುತ್ತಮುತ್ತ ನೆಲೆಸಿದರು. ಅಲ್ಲಿಯ ಗಿರಾಕಿಯ ಬದುಕೇ ಬೇರೆ. ಅವನು ಒಮ್ಮೆ ಮನೆ ಬಿಟ್ಟರೆ ತಿಂಗಳುಗಟ್ಟಲೆ ಕಾಡಿನಲ್ಲಿ ಅಲೆಯುವವನು. ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆಯೇ ಹೊರಬೇಕು, ಮುಗಿದರೆ ಕೊಳ್ಳಲು ಅಂಗಡಿಯಿಲ್ಲ. ಕಮ್ಮಾರರು ಗುಂಡನ್ನು ಚಿಕ್ಕದು ಮಾಡಿದರು, ಒಂದು ಪೌಂಡು ಸೀಸದಲ್ಲಿ ಹೆಚ್ಚು ಗುಂಡುಗಳಾದವು. ನಳಿಗೆಯನ್ನು 42, 44, ಕೆಲವೊಮ್ಮೆ 46 ಅಂಗುಲಕ್ಕೂ ಎಳೆದರು, ಹಾಕಿದ ಮದ್ದಿನ ಕಾಳು ಕಾಳೂ ಕೆಲಸಕ್ಕೆ ಬಂತು. ಕೆಂಟಕಿ ರೈಫಲ್ ಎಂದು ಪ್ರಸಿದ್ಧವಾದದ್ದು ಇದೇ. ಅದರ ಆ ನೀಳ ಚೆಲುವನ್ನು ಚಿತ್ರಗಳಲ್ಲಿ ನೀವು ನೋಡಿರಬಹುದು. ಅದರ ಹಿಂದೆ ಇದ್ದದ್ದು ಮಾತ್ರ ಬಡವನ ಮಿತವ್ಯಯ.

ಅದೇ ಜನರ ಮಕ್ಕಳು ಮೊಮ್ಮಕ್ಕಳು ಮಿಸಿಸಿಪ್ಪಿ ನದಿ ದಾಟಿ ಪಶ್ಚಿಮಕ್ಕೆ ಹೋದಾಗ ಈ ಉದ್ದ ಕೋವಿ ತೊಡಕಾಯಿತು. ಅಲ್ಲಿ ಬೇಟೆಗಾರ ಕುದುರೆಯ ಮೇಲಿದ್ದಾನೆ. ಎದುರಿಗಿರುವುದು ಜಿಂಕೆಯಲ್ಲ, ಕಾಡೆಮ್ಮೆಯಂಥ ಬೈಸನ್ ಮತ್ತು ಗ್ರಿಜ್ಲಿ ಕರಡಿ. ಚಿಕ್ಕ ಗುಂಡು ಅವಕ್ಕೆ ಸಾಲದು. ನಾಲ್ಕು ಅಡಿಯ ನಳಿಗೆಯನ್ನು ಕುದುರೆಯ ಮೇಲೆ ಅತ್ತಿಂದಿತ್ತ ತಿರುಗಿಸುವುದೂ ಆಗದು. ಸೇಂಟ್ ಲೂಯಿಸ್ ಪಟ್ಟಣದ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕೆನ್ ಎಂಬ ಅಣ್ಣತಮ್ಮಂದಿರು ನಳಿಗೆಯನ್ನು ಸುಮಾರು 34ರಿಂದ 36 ಅಂಗುಲಕ್ಕೆ ಇಳಿಸಿ, ಗೋಡೆಯನ್ನು ದಪ್ಪ ಮಾಡಿ, ಬಾಯಿಯನ್ನು ಅಗಲ ಮಾಡಿದರು. ನೂರು ವರ್ಷದಲ್ಲಿ ನಳಿಗೆ ಹಿಗ್ಗಿ ಮತ್ತೆ ಕುಗ್ಗಿತು. ಮದ್ದು ಮಾತ್ರ ಅದೇ ಕರಿಮದ್ದು. ಬದಲಾದದ್ದು ನೆಲ, ಪ್ರಾಣಿ ಮತ್ತು ಬೇಟೆಗಾರನ ನಡಿಗೆ.

ನಮ್ಮ ಕಡೆಗೆ ಬರೋಣ. 1845ರಲ್ಲಿ ಸಿಂಹಳಕ್ಕೆ ಬಂದ ಸ್ಯಾಮ್ಯುಯೆಲ್ ಬೇಕರ್ ಎಂಬ ಇಂಗ್ಲಿಷ್ ಬೇಟೆಗಾರ, ಆನೆಗಳಿಗೆಂದು ಬ್ರಿಸ್ಟಲ್ಲಿನ ಗಿಬ್ಸ್ ಎಂಬ ಕೋವಿ ತಯಾರಕನಿಂದ ಒಂದು ರೈಫಲ್ ಮಾಡಿಸಿಕೊಂಡಿದ್ದ. ತೂಕ 21 ಪೌಂಡು, ನಳಿಗೆ 36 ಅಂಗುಲ, ಗುಂಡಿನ ತೂಕ ಮೂರು ಔನ್ಸು, ಒಂದು ಈಡಿಗೆ 16 ಡ್ರಾಮ್ ಅಂದರೆ ಒಂದು ಔನ್ಸು ಮದ್ದು. ಆ ಕಾಲದ ಜನ ಅಷ್ಟು ಮದ್ದು ಹಾಕುವುದು ಹುಚ್ಚೆಂದೇ ತಿಳಿದಿದ್ದರು. ಅಷ್ಟು ಮದ್ದನ್ನು ಉರಿಸಲು ಅಷ್ಟುದ್ದ ನಳಿಗೆ ಬೇಕು. ಅದರ ಒದೆತ ತಡೆಯಲು ಅಷ್ಟು ತೂಕವೂ ಬೇಕು. ಬೇಕರ್ ಭಾರಿ ಆಸಾಮಿ. ಸಾಮಾನ್ಯ ಮನುಷ್ಯ ಅದನ್ನು ಹೆಗಲಿಗೇರಿಸಿಕೊಂಡು ಗುಡ್ಡ ಹತ್ತುವುದನ್ನು ನೀವೇ ಊಹಿಸಿಕೊಳ್ಳಿ.

ಅವನ ನಂತರ, 1870ರ ದಶಕದಲ್ಲಿ, ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸುತ್ತಿನ ಕಾಡುಗಳನ್ನು ಬಲ್ಲವರು. ಆನೆ, ಕಾಟಿಗಳಿಗಾಗಿ ಅವರು ‘ನಾಲ್ಕನೆಯ ನಂಬರಿನ’ ಕೋವಿ ಬಳಸುತ್ತಿದ್ದರು. ಒಂದು ಪೌಂಡು ಸೀಸವನ್ನು ನಾಲ್ಕೇ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವಾದೀತೋ ಅಷ್ಟು ದೊಡ್ಡ ಬಾಯಿ ಎಂದು ಅದರ ಅರ್ಥ. 1878ರಲ್ಲಿ ಅಚ್ಚಾದ ಅವರ ಪುಸ್ತಕ ಮೈಸೂರಿನ ಕಾಡುಗಳ ಬಗ್ಗೆ ಇವತ್ತಿಗೂ ಓದಲು ಯೋಗ್ಯವಾದದ್ದು. ಆನೆಗೆ ಈಡು ಹಾಕುತ್ತಿದ್ದದ್ದು ತೀರ ಹತ್ತಿರದಿಂದ. ಕರಿಮದ್ದಿನ ಹೊಗೆ ಒಮ್ಮೆ ಎದ್ದರೆ ಎದುರಿಗಿನ ಪ್ರಾಣಿ ಬಿದ್ದಿದೆಯೋ ಮೇಲೆ ಬರುತ್ತಿದೆಯೋ ಕಾಣುತ್ತಿರಲಿಲ್ಲ. ಅದಕ್ಕೇ ಜೋಡುನಳಿಗೆ. ಎರಡು ನಳಿಗೆಗಳನ್ನು ಒಟ್ಟಿಗೆ ಬೆಸೆದ ಮೇಲೆ ಮೂರು ಅಡಿ ಇಟ್ಟರೆ ಎತ್ತಲಾಗದು. ಹೀಗಾಗಿ ಜೋಡುನಳಿಗೆಯ ರೈಫಲ್ಲುಗಳು 24ರಿಂದ 28 ಅಂಗುಲದ ಆಸುಪಾಸಿಗೆ ಬಂದು ನಿಂತವು. ಇಲ್ಲಿ ಉದ್ದವನ್ನು ತೀರ್ಮಾನಿಸಿದ್ದು ಮದ್ದಲ್ಲ, ಬೇಟೆಗಾರನ ತೋಳು.

1884ರಲ್ಲಿ ಪಾಲ್ ವಿಯೆಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಹೊಗೆಯಿಲ್ಲದ ಮದ್ದನ್ನು ಮಾಡಿ ತೋರಿಸಿದ. ಎರಡೇ ವರ್ಷದಲ್ಲಿ ಫ್ರೆಂಚ್ ಸೈನ್ಯದ ಕೈಗೆ ಲೆಬೆಲ್ ರೈಫಲ್ ಬಂತು. 1889ರಲ್ಲಿ ಇಂಗ್ಲಿಷರು ಕಾರ್ಡೈಟ್ ಮಾಡಿಕೊಂಡರು. ಹೊಸ ಮದ್ದು ಬಹುಪಾಲು ಅನಿಲವೇ ಆಗುತ್ತದೆ. ಒತ್ತಡ ಕರಿಮದ್ದಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮೊದಲ ಕೆಲವು ಅಂಗುಲಗಳಲ್ಲಿಯೇ ಒತ್ತಡ ಶಿಖರಕ್ಕೇರಿ ಗುಂಡಿಗೆ ಭಾರಿ ನೂಕು ಸಿಗುತ್ತದೆ. ಮುಂದಿನ ಪ್ರತಿ ಅಂಗುಲದ ಲಾಭ ಇಳಿಯುತ್ತ ಹೋಗುತ್ತದೆ. ಎರಡು ಅಂಕಿ ನೋಡಿ. ಕರಿಮದ್ದಿನ ಮಾರ್ಟಿನಿ-ಹೆನ್ರಿ ಬಂದೂಕಿನ ನಳಿಗೆ 33 ಅಂಗುಲ, ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,300 ಅಡಿ. ಕಾರ್ಬೆಟ್ ಬಳಸಿದ ಜಾತಿಯ .275 ರಿಗ್ಬಿ ರೈಫಲ್ಲಿನ ನಳಿಗೆ ಅದಕ್ಕಿಂತ ಬಹಳ ಗಿಡ್ಡ, ವೇಗ 2,600 ಅಡಿಗೂ ಮೇಲೆ. ನನ್ನ ಮಾವನ ಗೋಡೆಯ ಒಗಟು ಇಷ್ಟೇ. ಉದ್ದದ ಕೋವಿ ಕರಿಮದ್ದಿನದು, ಗಿಡ್ಡದ್ದು ಹೊಸ ಮದ್ದಿನದು.

ಇಂದಿನ ಮಧ್ಯಮ ಗಾತ್ರದ ರೈಫಲ್ ತೋಟಾಗಳಲ್ಲಿ ನಳಿಗೆಯನ್ನು ಒಂದು ಅಂಗುಲ ಕಡಿಮೆ ಮಾಡಿದರೆ ಸ್ಥೂಲವಾಗಿ ಸೆಕೆಂಡಿಗೆ 20ರಿಂದ 30 ಅಡಿಯಷ್ಟು ವೇಗ ಹೋಗುತ್ತದೆ. 26 ಅಂಗುಲವನ್ನು 22ಕ್ಕೆ ಇಳಿಸಿದರೂ 2,700 ಅಡಿಯಲ್ಲಿ ಸುಮಾರು ನೂರು ಅಡಿ ನಷ್ಟ. ನೂರು ಗಜದಲ್ಲಿ ನಿಂತ ಜಿಂಕೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ .22 ತೋಟಾದಲ್ಲಂತೂ ಮದ್ದು ಎಷ್ಟು ಕಡಿಮೆಯೆಂದರೆ, ಸುಮಾರು 16 ಅಂಗುಲದ ನಂತರ ಗುಂಡಿಗೆ ಲಾಭವೇ ಇಲ್ಲ. ಇನ್ನೂ ಉದ್ದವಾದರೆ ತಿಕ್ಕಾಟದಿಂದ ವೇಗ ತುಸು ಇಳಿಯುವುದೂ ಉಂಟು! ದೊಡ್ಡ ತೋಟಾದಲ್ಲಿ ಹೆಚ್ಚು ಮದ್ದು ತುಂಬುವ ಮ್ಯಾಗ್ನಮ್ ಜಾತಿಗೆ ಮಾತ್ರ 26 ಅಂಗುಲ ಇಂದಿಗೂ ಸಾರ್ಥಕ.

ಆದರೂ ಹೊಸ ಮದ್ದು ಬಂದ ಮೇಲೂ ನಳಿಗೆ ಒಮ್ಮೆಗೇ ಕುಗ್ಗಲಿಲ್ಲ. ಬ್ರಿಟಿಷ್ ಸೈನ್ಯದ 1888ರ ಲೀ-ಮೆಟ್ಫರ್ಡ್ 30 ಅಂಗುಲದ್ದು, ಕುದುರೆ ಸವಾರರಿಗೆ ಬೇರೆ ಗಿಡ್ಡ ಮಾದರಿ. ಇಬ್ಬರಿಗೂ ಒಂದೇ ಸಾಕೆಂದು 25 ಅಂಗುಲದ ಲೀ-ಎನ್‌ಫೀಲ್ಡ್ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಬಂದಾಗ ಗುರಿಕಾರರು ಅದನ್ನು ಬೈದರು. ಬೈದವರಿಗೆ ಅಭ್ಯಾಸದ ಜೊತೆಗೆ ಒಂದು ನ್ಯಾಯವಾದ ಕಾರಣವೂ ಇತ್ತು, ಅದು ಕಣ್ಣಿಗೆ ಸಂಬಂಧಿಸಿದ್ದು.

ದುರ್ಬೀನಿಲ್ಲದ ಕೋವಿಯಲ್ಲಿ ಹಿಂದೊಂದು ಗುರಿಕಂಡಿ, ತುದಿಯಲ್ಲೊಂದು ಗುರಿಮೊನೆ ಇರುತ್ತವೆ. ಇವೆರಡರ ನಡುವಿನ ಅಂತರ ಅರ್ಧ ಮೀಟರು ಎಂದಿಟ್ಟುಕೊಳ್ಳಿ. ಮೊನೆ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದು ಕಂಡರೆ, ನೂರು ಮೀಟರಿನಲ್ಲಿ ಗುಂಡು 20 ಸೆಂಟಿಮೀಟರು ಅತ್ತ ಹೋಗುತ್ತದೆ. ಅಂತರ ಮುಕ್ಕಾಲು ಮೀಟರಾದರೆ ಅದೇ ತಪ್ಪಿಗೆ ಸುಮಾರು 13 ಸೆಂಟಿಮೀಟರು. ಏಳು ಸೆಂಟಿಮೀಟರಿನ ಈ ವ್ಯತ್ಯಾಸ ಹೃದಯಕ್ಕೂ ಹೊಟ್ಟೆಗೂ ನಡುವಿನ ವ್ಯತ್ಯಾಸವಾಗಬಹುದು, ಕೋರೆಹಲ್ಲಿಗೂ ತಲೆಬುರುಡೆಗೂ ನಡುವಿನದೂ ಆಗಬಹುದು. ಉದ್ದ ನಳಿಗೆ ಗುಂಡನ್ನು ನೇರ ಮಾಡುವುದಿಲ್ಲ, ಗುರಿ ಹಿಡಿಯುವ ಕಣ್ಣಿನ ತಪ್ಪನ್ನು ಕಿರಿದು ಮಾಡುತ್ತದೆ. ಹಾಗೆ ನೋಡಿದರೆ, ಒಂದೇ ದಪ್ಪದ ಎರಡು ನಳಿಗೆಗಳಲ್ಲಿ ಗಿಡ್ಡದ್ದೇ ಹೆಚ್ಚು ಬಿಗಿ. ಈಡಾದಾಗ ಅದು ಕಡಿಮೆ ಅದುರುತ್ತದೆ. ದುರ್ಬೀನು ಬಂದ ಮೇಲೆ ಗುರಿಕಂಡಿ, ಮೊನೆಗಳ ಅಂತರಕ್ಕೆ ಬೆಲೆಯೇ ಉಳಿಯಲಿಲ್ಲ. ಉದ್ದದ ಪರವಾದ ಕೊನೆಯ ದೊಡ್ಡ ಕಾರಣವೂ ಅಲ್ಲಿಗೆ ಹೋಯಿತು.

ಗಿಡ್ಡದ ದೋಷಗಳೂ ಇವೆ, ಅವನ್ನು ಮುಚ್ಚಿಡಬಾರದು. ಬಾಯಿ ಮುಖಕ್ಕೆ ಹತ್ತಿರವಾದಷ್ಟೂ ಸದ್ದು ಕಿವಿಗೆ ಬಡಿಯುತ್ತದೆ, ಬೆಂಕಿ ಕಣ್ಣು ಕುಕ್ಕುತ್ತದೆ. ತುದಿ ಹಗುರವಾದರೆ ಕೈ ನಡುಗಿದಂತೆಲ್ಲ ಕೋವಿಯೂ ನಡುಗುತ್ತದೆ. ತುದಿಯಲ್ಲಿ ಸ್ವಲ್ಪ ಭಾರವಿದ್ದರೆ ಓಡುವ ಪ್ರಾಣಿಯ ಹಿಂದೆ ಕೋವಿ ಎಣ್ಣೆ ಹಾಕಿದಂತೆ ಸರಿಯುತ್ತದೆ ಎಂದು ಹಳಬರು ಹೇಳುತ್ತಿದ್ದದ್ದರಲ್ಲಿ ಅರ್ಥವಿದೆ.

ಕಾಡಿನಲ್ಲಿ ಹಗುರವಾದ, ಹಿಡಿತಕ್ಕೆ ಸಿಗುವ ಕೋವಿ ಏನು ಮಾಡಬಲ್ಲದು ಎಂಬುದಕ್ಕೆ ಮತ್ತೆ ಕಾರ್ಬೆಟ್ಟರ ಬಳಿಗೇ ಹೋಗಬೇಕು. 1930ರ ಏಪ್ರಿಲ್‌ನಲ್ಲಿ ಚೌಗಡದ ನರಭಕ್ಷಕ ಹೆಣ್ಣುಹುಲಿಯನ್ನು ಅರಸುತ್ತ ಅವರು ಒಂದು ಹಳ್ಳಕ್ಕಿಳಿದಿದ್ದರು. ದಾರಿಯಲ್ಲಿ ಸಿಕ್ಕ ನತ್ತಿಂಗ ಹಕ್ಕಿಯ ಎರಡು ಮೊಟ್ಟೆಗಳು ಎಡಗೈಯಲ್ಲಿದ್ದವು. ಮೊಟ್ಟೆ ಕೂಡಿಡುವುದು ಅವರ ಹವ್ಯಾಸ. ಒಂದು ಬಂಡೆಯನ್ನು ಬಳಸಿ ಮುಂದೆ ಬಂದು ಬಲಹೆಗಲ ಮೇಲಿನಿಂದ ಹಿಂದಕ್ಕೆ ನೋಡಿದರೆ, ಕೇವಲ ಎಂಟು ಅಡಿ ದೂರದಲ್ಲಿ ಹುಲಿ ಮಲಗಿ ಅವರನ್ನೇ ನೋಡುತ್ತಿದೆ. ಬಲಗೈಯೊಂದರಲ್ಲೇ ಹಿಡಿದಿದ್ದ .275 ರೈಫಲ್ಲಿನ ತುದಿಯನ್ನು, ಹುಲಿಗೆ ಚಲನೆ ಗೊತ್ತಾಗದಷ್ಟು ನಿಧಾನವಾಗಿ, ಎದೆಯ ಅಡ್ಡಲಾಗಿ ಸುತ್ತು ತಿರುಗಿಸಿದರು. ತೋಳು ಪೂರ್ತಿ ಚಾಚಿ ಸೋಲುವ ಹೊತ್ತಿಗೆ ತುದಿ ಹುಲಿಯ ಮೈಗೆ ನೇರವಾಯಿತು. ಒಂದೇ ಈಡು. ಅಂದು ತನ್ನನ್ನು ಉಳಿಸಿದ ಮೂರು ಸಂಗತಿಗಳನ್ನು ಅವರು ಎಣಿಸುತ್ತಾರೆ: ಕೈಯಲ್ಲಿದ್ದ ಮೊಟ್ಟೆಗಳು, ಹುಲಿ ನರಭಕ್ಷಕವಾಗಿದ್ದದ್ದು, ಮತ್ತು ಕೋವಿ ಹಗುರವಾಗಿದ್ದದ್ದು. ಬೇಕರನ 21 ಪೌಂಡಿನ, 36 ಅಂಗುಲದ ಕೋವಿ ಆ ಕೈಯಲ್ಲಿದ್ದಿದ್ದರೆ ನಮಗೆ ಈ ಕಥೆ ಹೇಳುವವರೇ ಇರುತ್ತಿರಲಿಲ್ಲ.

ಬೆಂಗಳೂರಿನ ಕೆನೆತ್ ಆಂಡರ್ಸನ್ನರನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಿಗರೆಲ್ಲ ಬಲ್ಲರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ, ನಳಿಗೆ 24 ಅಂಗುಲ. ಕುರುಚಲು ಕಾಡು, ಲಂಟಾನದ ಪೊದೆ, ಮರದ ಮೇಲಿನ ಇಕ್ಕಟ್ಟಾದ ಅಟ್ಟಣೆ, ಟಾರ್ಚಿನ ಬೆಳಕು. ಇಂಥಲ್ಲಿ ದೂರದ ಈಡಿನ ಮಾತೇ ಬರುವುದಿಲ್ಲ. ತಡವರಿಸದೆ ಎತ್ತಲು ಬರಬೇಕು, ಕೊಂಬೆಗೆ ಸಿಕ್ಕಬಾರದು. ಅಮೆರಿಕದಲ್ಲಿ ಇದೇ ಕಂಪನಿಯ 1894ರ ಮಾದರಿ 26 ಅಂಗುಲದ ರೈಫಲ್ಲಾಗಿಯೂ 20 ಅಂಗುಲದ ಗಿಡ್ಡ ಕಾರ್ಬೈನ್ ಆಗಿಯೂ ಸಿಗುತ್ತಿತ್ತು. ಕಾಡುಬೇಟೆಯವರಿಗೆ ಪ್ರಿಯವಾದದ್ದು ಗಿಡ್ಡದ್ದು. ಇಂದು ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ಯೂರೋಪಿನ ಹಲವು ದೇಶಗಳಲ್ಲಿ ಸದ್ದಡಗಿಸುವ ಕೊಳವೆಯನ್ನು ತುದಿಗೆ ಸೇರಿಸುವ ರೂಢಿ ಬಂದಿದೆ. ಅದು ಸೇರಿದ ಮೇಲೂ ಕೋವಿ ಕೈಗೆ ಹೊಂದಬೇಕಲ್ಲ? ಹೀಗಾಗಿ ಅಲ್ಲಿ 20 ಅಂಗುಲದ ನಳಿಗೆಗಳು ಸಾಮಾನ್ಯವಾಗಿವೆ.

ನಮ್ಮಲ್ಲಿ ಕೋವಿ ಉಳಿದಿದ್ದರೂ ಬೇಟೆ ಉಳಿದಿಲ್ಲ. ಕೊಡವರಿಗೆ 1861ರಲ್ಲಿ ಸಿಕ್ಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿದೆ. ಬೇರೆಡೆ ಬೆಳೆ ಕಾಯಲು ಪರವಾನಗಿಯ ಕೋವಿಗಳಿವೆ. ಇಂಥ ಹಳೆಯ ಕೋವಿ ನಿಮ್ಮ ಮನೆಯಲ್ಲೂ ಇದ್ದು, ಈ ಪುಟಗಳನ್ನು ಓದಿ “ಗಿಡ್ಡದ್ದೇ ಮೇಲಾದರೆ ನಮ್ಮದನ್ನೂ ಒಂದಿಷ್ಟು ಕತ್ತರಿಸಿದರೇನು?” ಎಂಬ ಯೋಚನೆ ಬಂದಿದ್ದರೆ ದಯವಿಟ್ಟು ಬಿಟ್ಟುಬಿಡಿ. ಪರವಾನಗಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ 6ನೆಯ ಕಲಮಿನ ಪ್ರಕಾರ ಅಪರಾಧ. ಅದೂ ಅಲ್ಲದೆ ಕರಿಮದ್ದಿನ ಕೋವಿಗೆ ಆ ಉದ್ದ ಬೇಕೇ ಬೇಕು ಎಂಬುದನ್ನು ಈಗಾಗಲೇ ನೋಡಿದ್ದೇವೆ. ಕೋವಿಗೆ ಹೊಸ ಮದ್ದು ತುಂಬಿ ನೋಡುವ ಹುಚ್ಚು ಇನ್ನೂ ಅಪಾಯ. ಹಳೆಯ ಕಬ್ಬಿಣ ಆ ಒತ್ತಡ ತಾಳದೆ ಹಿಡಿದವನ ಕೈಯಲ್ಲೇ ಸಿಡಿಯುತ್ತದೆ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡಗಿಗೆ ಹೋದರೆ ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗಳನ್ನು ಗೋಡೆಯಿಂದ ಇಳಿಸಿ, ಒರೆಸಿ, ದೇವರ ಮುಂದಿಟ್ಟು, ತೋಕ್ ಪೂ ಎಂಬ ಕೆಂಪು ಹಳದಿ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ ಪೂಜಿಸುವುದನ್ನು ನೋಡಬಹುದು. ಹಿಂದೆ ಪೂಜೆ ಮುಗಿದ ಮೇಲೆ ಕಾಡಿಗೆ ಹೊರಡುತ್ತಿದ್ದರು. ಈಗ ಮೈದಾನಕ್ಕೆ ಹೋಗಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಾಯಿ ಒಡೆದವನಿಗೆ ಚಪ್ಪಾಳೆ, ತಪ್ಪಿದವನಿಗೆ ನಗೆ. ಅಲ್ಲಿ ಹಿರಿಯರ ಪಕ್ಕ ನಿಂತು ಕಿವಿಗೊಟ್ಟರೆ, ಕಾಯಿ ತಪ್ಪಿಸಿದವನೊಬ್ಬ ತನ್ನ ಕೋವಿಯ ನಳಿಗೆ ಗಿಡ್ಡವಾಯಿತೆಂದು ದೂರುವುದೂ ಕೇಳಿಸೀತು.